ಹಾಸ್ಟೆಲ್ ಜಾಲಕ್ಕೆ ಸೇರುವ ಮುನ್ನ

ಮಳೆ ಜೋರು ಹಿಡಿಯಿತೆಂದರೆ ಕಾರವಾರ, ಅಂಕೋಲೆಯ ಎಷ್ಟೋ ಮನೆಗಳಲ್ಲಿ ಟ್ರಂಕು ತುಂಬುವ ಕೆಲಸ ಶುರುವಾಗುತ್ತದೆ. ಪಿಯುಸಿ ಮುಗಿಸಿದ ಮಗನಿಗೋ ಮಗಳಿಗೋ ಸೀಟು ಸಿಕ್ಕಿರುತ್ತದೆ. ಕೆಲವರು ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ-ಧಾರವಾಡಕ್ಕೆ ಹೋಗುತ್ತಾರೆ, ಕೆಲವರು ರೈಲು ಹಿಡಿದು ಸುರತ್ಕಲ್, ಮಂಗಳೂರಿಗೆ, ಉಳಿದವರು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ. ಅತ್ತಣಿಂದ ಇತ್ತ ಬರುವವರೂ ಇದ್ದಾರೆ. ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೆ, ಕಾರವಾರದ ವೈದ್ಯಕೀಯ ಕಾಲೇಜಿಗೆ ಬಯಲುಸೀಮೆಯ ಮಕ್ಕಳು ಬಂದು ಸೇರುತ್ತಾರೆ.

ಟ್ರಂಕಿನಲ್ಲಿ ಹಾಸಿಗೆ ವಸ್ತ್ರ, ಕೊಡೆ, ಉಪ್ಪಿನಕಾಯಿ ಬಾಟಲಿ, ಒಣ ಸಿಗಡಿ ಚಟ್ನಿ. ಅದರ ಜೊತೆಗೆ, ಸೊಸೈಟಿಯಲ್ಲಿ ಸಾಲ ಎತ್ತಿಯೋ ಕೂಡಿಟ್ಟ ಹಣ ತೆಗೆದೋ ಕೊಂಡ ಲ್ಯಾಪ್‌ಟಾಪು. ತಂದೆತಾಯಿ ಹಾಸ್ಟೆಲಿಗೆ ಹೋಗಿ ವಾರ್ಡನ್ನರನ್ನು ಏನೇನೋ ಕೇಳುತ್ತಾರೆ. ಊಟ ಹೇಗೆ, ನೀರು ಕುಡಿಯಬಹುದೆ, ಗೇಟು ಎಷ್ಟು ಗಂಟೆಗೆ ಹಾಕುತ್ತೀರಿ? ಆದರೆ ‘ಈ ಕಂಪ್ಯೂಟರನ್ನು ನಿಮ್ಮ ಜಾಲಕ್ಕೆ ಹೇಗೆ ಸೇರಿಸುತ್ತೀರಿ’ ಎಂದು ಕೇಳಿದ ಅಪ್ಪನನ್ನು ನಾನಂತೂ ಕಂಡಿಲ್ಲ. ಅದು ಹುಡುಗರ ವಿಷಯ, ಅವರಿಗೆ ಗೊತ್ತಿರುತ್ತದೆ ಎಂಬ ನಂಬಿಕೆ. ಹುಡುಗರಿಗೆ ಗೊತ್ತಿರುವುದು ವೈ-ಫೈ ಪಾಸ್‌ವರ್ಡ್ ಯಾರ ಹತ್ತಿರ ಸಿಗುತ್ತದೆ ಎಂಬುದು ಮಾತ್ರ!

ಮನೆಯ ಇಂಟರ್‌ನೆಟ್ಟಿಗೂ ಹಾಸ್ಟೆಲಿನದಕ್ಕೂ ಏನು ವ್ಯತ್ಯಾಸ? ಮನೆಯಲ್ಲಿ ಒಂದೇ ರೌಟರ್. ಅದಕ್ಕೆ ಜೋತುಬಿದ್ದಿರುವುದು ಅಪ್ಪನ ಫೋನು, ಅಮ್ಮನ ಫೋನು, ಟೀವಿ, ಹೆಚ್ಚೆಂದರೆ ಪಕ್ಕದ ಮನೆಯ ಹುಡುಗನ ಫೋನು. ಎಲ್ಲರೂ ಪರಿಚಿತರು. ಹಾಸ್ಟೆಲಿನಲ್ಲಿ ಒಂದೇ ಜಾಲದ ಮೇಲೆ ಇನ್ನೂರು, ಮುನ್ನೂರು ಯಂತ್ರಗಳು ಕೂತಿರುತ್ತವೆ. ಅವುಗಳಲ್ಲಿ ಒಂದರಲ್ಲಿ ವೈರಸ್ ಇದ್ದರೆ ಅದಕ್ಕೆ ನಿಮ್ಮ ಮಗಳ ಯಂತ್ರ ಕೈಯಳತೆಯ ದೂರ. ಹಿತ್ತಲ ಬಾಗಿಲು ತೆರೆದಿಟ್ಟು ಮಲಗುವ ಮನೆಯ ಅಭ್ಯಾಸವನ್ನು ಧರ್ಮಶಾಲೆಗೆ ಒಯ್ಯಲಾಗದು.

ಭಾರತದಲ್ಲಿ ಕ್ಯಾಂಪಸ್ ಜಾಲದ ಚರಿತ್ರೆ 1986ರಷ್ಟು ಹಿಂದಕ್ಕೆ ಹೋಗುತ್ತದೆ. ಆಗಿನ ಎಲೆಕ್ಟ್ರಾನಿಕ್ಸ್ ಇಲಾಖೆ ‘ಎರ್ನೆಟ್’ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲವನ್ನು ಆರಂಭಿಸಿತು. ಐಐಟಿಗಳ ಜೊತೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರಲ್ಲಿತ್ತು. ಜನಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಮೂಲಕ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅಂದಿನ ಕಾಲೇಜುಗಳಲ್ಲಿ ಕಂಪ್ಯೂಟರ್ ಎಂದರೆ ಸಂಸ್ಥೆಯ ಸ್ವತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಾದ ತಂಪು ಕೋಣೆ, ಅದಕ್ಕೊಬ್ಬ ಉಸ್ತುವಾರಿ. ಯಂತ್ರ ಕೆಟ್ಟರೆ, ವೈರಸ್ ಹೊಕ್ಕರೆ ಆತನ ತಲೆನೋವು. ಈಗ ಯಂತ್ರ ವಿದ್ಯಾರ್ಥಿಯದು, ಜಾಲ ಮಾತ್ರ ಕಾಲೇಜಿನದು. ಉಸ್ತುವಾರಿಯ ಅರ್ಧ ಭಾಗ ಹದಿನೆಂಟು ವರ್ಷದ ಹುಡುಗನ ಹೆಗಲಿಗೆ ಬಂದಿದೆ. ಇದನ್ನು ಅವನಿಗೆ ಯಾರೂ ಹೇಳಿಲ್ಲ, ಅಷ್ಟೆ.

ಒಂದು ಹಳೆಯ ಘಟನೆ ಹೇಳುತ್ತೇನೆ. 2003ರ ಜುಲೈ 16ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್‌ನ ಒಂದು ದೋಷಕ್ಕೆ ತೇಪೆ ಹೊರಡಿಸಿತು. ಹಾಕಿಕೊಂಡವರು ಕಡಿಮೆ. ಇಪ್ಪತ್ತಾರು ದಿನ ಕಳೆದು, ಆಗಸ್ಟ್ 11ರಂದು ‘ಬ್ಲಾಸ್ಟರ್’ ಎಂಬ ಹುಳು ಅದೇ ದೋಷದ ಮೂಲಕ ಹಬ್ಬತೊಡಗಿತು. ಇದಕ್ಕೆ ಯಾರೂ ಏನನ್ನೂ ಕ್ಲಿಕ್ ಮಾಡಬೇಕಾಗಿರಲಿಲ್ಲ. ಯಂತ್ರ ಜಾಲದ ಮೇಲಿದ್ದರೆ ಸಾಕಿತ್ತು. ಅಮೆರಿಕದ ವಿಶ್ವವಿದ್ಯಾಲಯಗಳ ಹಾಸ್ಟೆಲುಗಳಿಗೆ ಹೊಸ ವರ್ಷದ ವಿದ್ಯಾರ್ಥಿಗಳು ಬಂದಿಳಿಯುವುದೂ ಅದೇ ಆಗಸ್ಟ್ ಕೊನೆಯಲ್ಲಿ. ತೇಪೆ ಇಳಿಸಿಕೊಳ್ಳೋಣವೆಂದು ಜಾಲಕ್ಕೆ ಸೇರಿಸಿದರೆ, ಅದು ಇಳಿಯುವುದರೊಳಗೇ ಹುಳು ಹೊಕ್ಕಿರುತ್ತಿತ್ತು. ಕೊನೆಗೆ ಹಲವು ವಿಶ್ವವಿದ್ಯಾಲಯಗಳು ತೇಪೆಯನ್ನು ಸಿ.ಡಿ.ಗಳಲ್ಲಿ ತುಂಬಿ ಹಾಸ್ಟೆಲಿಗೆ ಬಂದವರಿಗೆಲ್ಲ ಹಂಚಿದವು. ಮೊದಲು ಸಿ.ಡಿ. ಹಾಕಿ, ಆಮೇಲೆ ತಂತಿ ಸಿಕ್ಕಿಸಿ ಎಂಬ ಅಪ್ಪಣೆ. 2017ರಲ್ಲಿ ‘ವಾನಾಕ್ರೈ’ ಬಂದಾಗಲೂ ಇದೇ ಕತೆ: ಮಾರ್ಚಿಯಲ್ಲಿ ತೇಪೆ, ಮೇ ತಿಂಗಳಲ್ಲಿ ಹಾವಳಿ.

ಹಾಗಾಗಿ ಹಾಸ್ಟೆಲ್ ಜಾಲಕ್ಕೆ ಸೇರಿಸುವ ಮೊದಲ ಕೆಲಸ ಹಾಸ್ಟೆಲಿನಲ್ಲಿ ಅಲ್ಲ, ಅಂಕೋಲೆಯ ಮನೆಯಲ್ಲೇ ಆಗಬೇಕು. ಹೊರಡುವ ಮೂರು ದಿನ ಮೊದಲು ಯಂತ್ರವನ್ನು ಮನೆಯ ಇಂಟರ್‌ನೆಟ್ಟಿಗೆ ಹಾಕಿ, ಅಪ್‌ಡೇಟ್‌ಗಳನ್ನೆಲ್ಲ ಮುಗಿಸಿ. ಹೊಸ ಲ್ಯಾಪ್‌ಟಾಪಿಗೂ ಬೇಕು, ಏಕೆಂದರೆ ಅದು ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ವಿಂಡೋಸ್‌ನ ಜೊತೆಗೇ ಬರುವ ವೈರಸ್ ಕಾವಲು ಮತ್ತು ಫೈರ್‌ವಾಲ್ ಚಾಲೂ ಇದೆಯೇ ನೋಡಿ. ಸಾಮಾನ್ಯ ವಿದ್ಯಾರ್ಥಿಗೆ ಅಷ್ಟು ಸಾಕು, ಅಂಗಡಿಯವನು ಮಾರುವ ಇನ್ನೊಂದು ಡಬ್ಬಿ ಬೇಡ. ಅಣ್ಣನ ಹಳೆಯ ಯಂತ್ರ ಒಯ್ಯುವವರು ಗಮನಿಸಬೇಕಾದ ಒಂದು ಸಂಗತಿ ಇದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುಹೋಗಿದೆ. ವಿಂಡೋಸ್ 11 ಹಿಡಿಸದ ಯಂತ್ರವಾದರೆ ಲಿನಕ್ಸ್ ಹಾಕಿಕೊಳ್ಳಬಹುದು, ಕಾಸು ಕೊಡಬೇಕಿಲ್ಲ. ಬೇಡವಾದ್ದೇನೆಂದರೆ, ಎರಡುನೂರು ರೂಪಾಯಿಗೆ ‘ಒರಿಜಿನಲ್ ಥರಾನೇ’ ಎಂದು ಹಾಕಿಕೊಡುವ ಕದ್ದ ವಿಂಡೋಸ್. ಬೀಗ ಒಡೆದು ಕೊಟ್ಟವನು ಇನ್ನೊಂದು ಕೀಲಿಕೈ ತನ್ನ ಹತ್ತಿರ ಇಟ್ಟುಕೊಂಡಿಲ್ಲ ಎಂದು ಹೇಗೆ ನಂಬುವುದು?

ಇನ್ನು ಹಾಸ್ಟೆಲಿನ ಬಾಗಿಲಿಗೆ ಬರೋಣ. ಜಾಲಕ್ಕೆ ಪ್ರವೇಶ ಕೊಡುವ ಪದ್ಧತಿ ಎಲ್ಲ ಕಡೆ ಒಂದೇ ರೀತಿಯಲ್ಲ. ಕೆಲವು ಕಡೆ ಇಡೀ ಹಾಸ್ಟೆಲಿಗೆ ಒಂದೇ ಪಾಸ್‌ವರ್ಡ್, ಅದನ್ನು ಸೂಚನಾ ಫಲಕದ ಮೇಲೆ ಬರೆದಿರುತ್ತಾರೆ. ಇದು ಕೀಲಿಕೈಯನ್ನು ಬಾಗಿಲಿಗೇ ನೇತುಹಾಕಿದಂತೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಡಬ್ಲ್ಯುಪಿಎ-2 ಪದ್ಧತಿಯಲ್ಲಿ, ಆ ಒಂದೇ ಪಾಸ್‌ವರ್ಡ್ ಗೊತ್ತಿದ್ದವನು ನೀವು ಜಾಲಕ್ಕೆ ಸೇರುವ ಕ್ಷಣವನ್ನು ಹಿಡಿದಿಟ್ಟುಕೊಂಡರೆ ನಿಮ್ಮ ಯಂತ್ರದಿಂದ ಹೋಗುವುದನ್ನೆಲ್ಲ ಬಿಡಿಸಿ ನೋಡಬಲ್ಲ. ಪುಣ್ಯಕ್ಕೆ ಬ್ಯಾಂಕು, ಇ-ಮೇಲ್ ಮುಂತಾದ ತಾಣಗಳು ತಮ್ಮದೇ ಇನ್ನೊಂದು ಗುಪ್ತಲಿಪಿಯ ಹೊದಿಕೆ ಹಾಕಿರುತ್ತವೆ, ಆದ್ದರಿಂದ ಒಳಗಿನ ಮಾತು ಕಾಣದು. ಯಾವ ತಾಣಕ್ಕೆ ಹೋದಿರಿ ಎಂಬುದು ಮಾತ್ರ ಬಹುಮಟ್ಟಿಗೆ ಕಾಣುತ್ತದೆ.

ಇನ್ನು ಕೆಲವು ಕಡೆ ಯಂತ್ರದ ಸಂಖ್ಯೆಯನ್ನು ನೋಂದಾಯಿಸಿಕೊಳ್ಳುತ್ತಾರೆ. ಬೈತಖೋಲ್ ಬಂದರಿನಲ್ಲಿ ನಿಂತ ದೋಣಿಗಳ ಮೈಮೇಲೆ ನೋಂದಣಿ ಸಂಖ್ಯೆ ಬರೆದಿರುತ್ತದಲ್ಲ, ಹಾಗೆ ಪ್ರತಿ ಯಂತ್ರದ ಜಾಲದ ಕಾರ್ಡಿಗೂ ಒಂದು ಸಂಖ್ಯೆ ಇದೆ. ಅದನ್ನು ಮ್ಯಾಕ್ ವಿಳಾಸ ಎನ್ನುತ್ತಾರೆ. ಇಲ್ಲೊಂದು ತೊಡಕಿದೆ. 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14 ಬಂದಂದಿನಿಂದ ಫೋನುಗಳು ತಮ್ಮ ನಿಜವಾದ ಸಂಖ್ಯೆ ಮರೆಮಾಡಿ ಜಾಲಕ್ಕೊಂದು ಸುಳ್ಳು ಸಂಖ್ಯೆ ತೋರಿಸುತ್ತವೆ. ಅಂಗಡಿ, ರೈಲು ನಿಲ್ದಾಣಗಳಲ್ಲಿ ನಿಮ್ಮನ್ನು ಯಾರೂ ಹಿಂಬಾಲಿಸದಿರಲಿ ಎಂದು ಮಾಡಿದ ಒಳ್ಳೆಯ ಏರ್ಪಾಡು ಅದು. ಆದರೆ ಹಾಸ್ಟೆಲಿನಲ್ಲಿ ‘ನಂಬರ್ ಕೊಟ್ಟಿದ್ದೇನೆ ಸರ್, ಆದರೂ ನೆಟ್ ಬರುತ್ತಿಲ್ಲ’ ಎಂಬ ದೂರಿಗೆ ಬಹಳ ಸಲ ಇದೇ ಕಾರಣ. ಹಾಸ್ಟೆಲಿನ ಜಾಲವೊಂದಕ್ಕೆ ಮಾತ್ರ ಆ ಏರ್ಪಾಡನ್ನು ತೆಗೆದರಾಯಿತು, ಬೇರೆ ಕಡೆ ಇರಲಿ. ಅಂದಹಾಗೆ, ದೋಣಿಯ ಸಂಖ್ಯೆಯನ್ನು ಬಣ್ಣ ಬಳಿದು ಬದಲಿಸುವಂತೆ ಈ ಸಂಖ್ಯೆಯನ್ನೂ ಬದಲಿಸಬಹುದು. ಹಾಗಾಗಿ ನೋಂದಣಿಯೊಂದೇ ಭದ್ರತೆಯಲ್ಲ.

ಇದ್ದುದರಲ್ಲಿ ಒಳ್ಳೆಯ ಪದ್ಧತಿಯೆಂದರೆ ಪ್ರತಿ ವಿದ್ಯಾರ್ಥಿಗೂ ಅವರದೇ ಹೆಸರು, ಅವರದೇ ಪಾಸ್‌ವರ್ಡ್. ವೈ-ಫೈ ಸೇರುವಾಗಲೇ ಅದನ್ನು ಕೊಡಬೇಕು. ತಂತ್ರಜ್ಞರು ಇದನ್ನು 802.1ಎಕ್ಸ್ ಎನ್ನುತ್ತಾರೆ. ಒಂದೇ ಖಾತೆಯಿಂದ ಬೇರೆ ಬೇರೆ ಕ್ಯಾಂಪಸ್ಸುಗಳಲ್ಲಿ ಜಾಲಕ್ಕೆ ಸೇರಲು ಬಿಡುವ ‘ಎಡ್ಯುರೋಮ್’ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯೂ ಇದರ ಮೇಲೆಯೇ ನಿಂತಿದೆ. ಭಾರತದಲ್ಲಿ ಅದನ್ನು ನೋಡಿಕೊಳ್ಳುವುದು ಮೊದಲು ಹೇಳಿದ ಎರ್ನೆಟ್ ಸಂಸ್ಥೆ. ಇಲ್ಲಿ ನಿಮ್ಮ ಪಾಸ್‌ವರ್ಡ್ ಕಾಲೇಜಿನ ಒಂದು ತಪಾಸಣಾ ಯಂತ್ರಕ್ಕೆ ಹೋಗಿ ‘ಹೌದು, ನಮ್ಮವನೇ’ ಎನಿಸಿಕೊಂಡ ಮೇಲೆ ಬಾಗಿಲು ತೆರೆಯುತ್ತದೆ.

ಆದರೆ ಬಹುಪಾಲು ಮಕ್ಕಳು ಎಡವುವುದು ಇಲ್ಲಿಯೇ. ಕಾರವಾರದವರಿಗೆ ನೌಕಾನೆಲೆಯ ಗೇಟು ಗೊತ್ತು. ಗುರುತಿನ ಚೀಟಿ ತೋರಿಸದೆ ಒಳಗೆ ಬಿಡುವುದಿಲ್ಲ. ನಾವು ಮಾತ್ರ ಕಾವಲುಗಾರನ ಗುರುತಿನ ಚೀಟಿ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆ ಗೇಟು, ಆ ಗೋಡೆ ಅಲ್ಲೇ ಗಟ್ಟಿಯಾಗಿ ನಿಂತಿವೆ. ವೈ-ಫೈಗೆ ಗೋಡೆಯಿಲ್ಲ. ಹಾಸ್ಟೆಲಿನ ಜಾಲದ ಹೆಸರನ್ನೇ ಇಟ್ಟುಕೊಂಡು ಇನ್ನೊಂದು ಪೆಟ್ಟಿಗೆಯನ್ನು ಪಕ್ಕದ ಕೋಣೆಯಲ್ಲೋ ಎದುರಿನ ಚಹಾದಂಗಡಿಯಲ್ಲೋ ಯಾರು ಬೇಕಾದರೂ ಇಡಬಹುದು. ಹೆಸರು ಒಂದೇ ಆದ್ದರಿಂದ ನಿಮ್ಮ ಲ್ಯಾಪ್‌ಟಾಪು ಯಾವುದರ ಸಂಕೇತ ಬಲವಾಗಿದೆಯೋ ಅದರ ಬಳಿ ಹೋಗಿ ತಾನಾಗಿಯೇ ಗುರುತು ಹೇಳಿಕೊಳ್ಳುತ್ತದೆ. ಹಾಗೆ ಹೇಳಿಕೊಂಡದ್ದನ್ನು ಹಿಡಿದು ಪಾಸ್‌ವರ್ಡ್ ಬಿಡಿಸುವುದು ದೊಡ್ಡ ವಿದ್ಯೆಯೇನಲ್ಲ. ಈ ಕೆಲಸಕ್ಕೆ ಹೆಚ್ಚಾಗಿ ಬಳಸುವ ಎಂಎಸ್-ಚಾಪ್ ಎಂಬ ಹಳೆಯ ಪದ್ಧತಿಯನ್ನು ಒಂದು ದಿನದೊಳಗೆ ಒಡೆಯಬಹುದೆಂದು 2012ರಲ್ಲೇ ತಜ್ಞರು ತೋರಿಸಿಕೊಟ್ಟಿದ್ದಾರೆ.

ಆದ್ದರಿಂದ ಜಾಲ ನಿಮ್ಮ ಗುರುತು ಕೇಳುವಂತೆ ನೀವೂ ಜಾಲದ ಗುರುತು ಕೇಳಬೇಕು. ಅದಕ್ಕೆಂದೇ ‘ಸರ್ಟಿಫಿಕೇಟ್’ ಎಂಬ ವ್ಯವಸ್ಥೆ ಇದೆ. ಕಾಲೇಜಿನ ತಪಾಸಣಾ ಯಂತ್ರ ತನ್ನ ಹೆಸರಿನ ಪ್ರಮಾಣಪತ್ರ ತೋರಿಸುತ್ತದೆ. ಅದು ಸರಿಯಿದ್ದರೆ ಮಾತ್ರ ಪಾಸ್‌ವರ್ಡ್ ಕೊಡುವಂತೆ ನಿಮ್ಮ ಯಂತ್ರಕ್ಕೆ ಕಲಿಸಿಕೊಡಬೇಕು. ಕೆಲಸ ಎರಡೇ: ಯಾರು ಕೊಟ್ಟ ಪ್ರಮಾಣಪತ್ರವನ್ನು ನಂಬಬೇಕು ಎಂಬುದನ್ನು ಆರಿಸುವುದು, ಮತ್ತು ತಪಾಸಣಾ ಯಂತ್ರದ ಹೆಸರನ್ನು ಬರೆಯುವುದು. ಎರಡನ್ನೂ ಕಾಲೇಜಿನ ಕಂಪ್ಯೂಟರ್ ವಿಭಾಗದಿಂದ ಕೇಳಿ ಪಡೆಯಬೇಕು. ಆದರೆ ಹಾಸ್ಟೆಲಿನಲ್ಲಿ ಸೀನಿಯರ್‌ಗಳು ಕಲಿಸುವುದೇ ಬೇರೆ. ‘ಅಲ್ಲಿ ಡು ನಾಟ್ ವ್ಯಾಲಿಡೇಟ್ ಅಂತ ಇದೆಯಲ್ಲ, ಅದನ್ನು ಒತ್ತಾ ಮಾರಾಯಾ, ಕೂಡಲೇ ಬರ್ತದೆ.’ ಬರುತ್ತದೆ, ನಿಜ. ಅದರ ಅರ್ಥ ‘ಗೇಟಿನಲ್ಲಿ ಯಾರೇ ನಿಂತಿರಲಿ, ನನ್ನ ಕೀಲಿಕೈ ಕೊಟ್ಟುಬಿಡು’ ಎಂದು. ಇದರ ಅಪಾಯ ಅರಿತು ಗೂಗಲ್ ಕಂಪನಿ 2020ರ ಡಿಸೆಂಬರ್‌ನಿಂದ ತನ್ನ ಆಂಡ್ರಾಯ್ಡ್ 11 ಫೋನುಗಳಲ್ಲಿ ಆ ಆಯ್ಕೆಯನ್ನೇ ತೆಗೆದುಹಾಕಿತು. ಆಗ ಎಷ್ಟೋ ಕ್ಯಾಂಪಸ್ಸುಗಳಲ್ಲಿ ಫೋನು ಹಾಳಾಯಿತೆಂದು ಗೊಣಗಿದವರೇ ಹೆಚ್ಚು.

ನಾಲ್ಕನೆಯದು, ಬ್ರೌಸರಿನಲ್ಲಿ ಲಾಗಿನ್ ಪುಟ ತೆರೆದುಕೊಳ್ಳುವ ಪದ್ಧತಿ. ಕೆಲವು ಕಡೆ ಪುಟ ತೆರೆಯುವ ಮೊದಲು ‘ಈ ತಾಣ ಸುರಕ್ಷಿತವಲ್ಲ’ ಎಂಬ ಕೆಂಪು ಎಚ್ಚರಿಕೆ ಬರುತ್ತದೆ. ‘ಅಡ್ವಾನ್ಸ್ಡ್’ ಒತ್ತಿ ಮುಂದೆ ಹೋಗಿ ಎಂದು ಹಾಸ್ಟೆಲಿನವರೇ ಹೇಳುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೆ. ದಿನಕ್ಕೆರಡು ಬಾರಿ ಎಚ್ಚರಿಕೆಯನ್ನು ದಾಟಿಹೋಗುವುದು ಕೈಗೆ ರೂಢಿಯಾದ ಮೇಲೆ, ನಾಳೆ ಬ್ಯಾಂಕಿನ ಸುಳ್ಳು ಪುಟ ಬಂದಾಗಲೂ ಅದೇ ಕೈ ಅದನ್ನೇ ಒತ್ತುತ್ತದೆ. ಸರಿಯಾದ ಪ್ರಮಾಣಪತ್ರ ಹಾಕಿಸುವುದು ಕಾಲೇಜಿಗೆ ಅಂಥ ಭಾರವೇನಲ್ಲ. ಪೋಷಕರ ಸಭೆಯಲ್ಲಿ ಸಾಂಬಾರಿನ ಜೊತೆಗೆ ಇದನ್ನೂ ಒಂದು ಮಾತು ಎತ್ತಬಹುದು.

ಕೆಲವು ಸಂಸ್ಥೆಗಳು ತಮ್ಮದೇ ಸರ್ಟಿಫಿಕೇಟನ್ನು ವಿದ್ಯಾರ್ಥಿಯ ಯಂತ್ರದ ‘ನಂಬಬಹುದಾದವರ’ ಪಟ್ಟಿಗೆ ಸೇರಿಸಿ ಎನ್ನುತ್ತವೆ. ಇದು ಎಲ್ಲ ತಾಣಗಳ ವಿಷಯದಲ್ಲೂ ನಂಬುವ ಬಗೆಯದಾದರೆ, ಗುಪ್ತಲಿಪಿಯಲ್ಲಿ ಹೋಗುವ ಪುಟಗಳನ್ನೂ ಸಂಸ್ಥೆ ನಡುವೆ ತೆರೆದು ನೋಡಬಹುದು. ವೈರಸ್ ತಡೆಯಲು ಅದು ಬೇಕೆಂಬ ವಾದ ಇದೆ. ಇರಲಿ. ಆದರೆ ನೋಡಬಹುದು ಎಂದು ಗೊತ್ತಿದ್ದೇ ಒಪ್ಪಬೇಕು. ಅಂಥ ಜಾಲದಲ್ಲಿ ಬ್ಯಾಂಕಿನ ವ್ಯವಹಾರ, ಡಾಕ್ಟರರ ಜೊತೆಗಿನ ಪತ್ರ ಮುಂತಾದ್ದನ್ನು ಮಾಡದೆ ಸ್ವಂತ ಸಿಮ್ಮಿನ ಡೇಟಾ ಬಳಸಿದರೆ ಒಳ್ಳೆಯದು.

ಪಾಸ್‌ವರ್ಡ್ ಹಂಚಿಕೊಳ್ಳುವ ವಿಷಯ ಸ್ವಲ್ಪ ಸೂಕ್ಷ್ಮ. ಹಾಸ್ಟೆಲಿನಲ್ಲಿ ಬಕೆಟ್ಟು, ಚಪ್ಪಲಿ, ಉಪ್ಪಿನಕಾಯಿ ಎಲ್ಲ ಹಂಚಿಕೆಯಾಗುತ್ತದೆ. ಪಾಸ್‌ವರ್ಡ್ ಕೊಡುವುದಿಲ್ಲ ಎಂದವನು ಜಿಪುಣ. ಅದರಲ್ಲೂ ಒಬ್ಬರಿಗೆ ಒಂದೇ ಯಂತ್ರ ಎಂಬ ಕಟ್ಟುಪಾಡಿದ್ದರೆ ಲ್ಯಾಪ್‌ಟಾಪಿಗೊಂದು, ಫೋನಿಗೊಂದು ಎಂದು ಒಬ್ಬರ ಹೆಸರು ಇನ್ನೊಬ್ಬರು ಬಳಸುವುದು ಸಹಜವಾಗಿಯೇ ಶುರುವಾಗುತ್ತದೆ. ಇಂಥ ಕಟ್ಟುಪಾಡು ಹಂಚಿಕೆಯನ್ನು ಸಾಕಿ ಬೆಳೆಸುತ್ತದೆ ಎಂಬುದನ್ನು ಕಾಲೇಜುಗಳು ಅರಿಯಬೇಕು. ಆದರೆ ವಿದ್ಯಾರ್ಥಿ ತಿಳಿದಿರಬೇಕಾದ್ದು ಬೇರೆ. ಯಾವ ಹೊತ್ತಿನಲ್ಲಿ ಯಾವ ಹೆಸರಿನಿಂದ ಯಾವ ವಿಳಾಸ ಬಳಕೆಯಾಯಿತು ಎಂಬುದು ಜಾಲದಲ್ಲಿ ದಾಖಲಾಗುತ್ತಲೇ ಇರುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸರ್ಕಾರಿ ಸಂಸ್ಥೆಗಳೂ ಸೇರಿ ಹಲವು ಬಗೆಯ ಸಂಸ್ಥೆಗಳು ಇಂಥ ದಾಖಲೆಗಳನ್ನು 180 ದಿನ ಇಟ್ಟುಕೊಳ್ಳಬೇಕು. ಯಾರೋ ಒಬ್ಬ ನಿಮ್ಮ ಹೆಸರಿನಿಂದ ಒಳಹೊಕ್ಕು ಯಾರಿಗೋ ಬೆದರಿಕೆಯ ಪತ್ರ ಬರೆದ ಎನ್ನಿ. ಪೊಲೀಸರ ಪತ್ರ ಬಂದಾಗ ಪ್ರಿನ್ಸಿಪಾಲರ ಕೋಣೆಗೆ ಮೊದಲು ಕರೆ ಹೋಗುವುದು ನಿಮಗೆ. ಮತ್ತೊಬ್ಬರ ಪಾಸ್‌ವರ್ಡನ್ನು ಅಪ್ರಾಮಾಣಿಕವಾಗಿ ಬಳಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಆದರೆ ‘ನಾನಲ್ಲ, ಅವನು’ ಎಂದು ಸಾಬೀತಾಗುವ ಹೊತ್ತಿಗೆ ಒಂದು ಸೆಮಿಸ್ಟರ್ ಕಳೆದಿರುತ್ತದೆ.

ಇನ್ನೂ ಒಂದು ಮಾತು. ಹಾಸ್ಟೆಲ್ ಜಾಲದ ಪಾಸ್‌ವರ್ಡನ್ನೇ ಇ-ಮೇಲಿಗೂ ಇಟ್ಟುಕೊಳ್ಳುವ ಮಕ್ಕಳು ಬಹಳ. ಇ-ಮೇಲ್ ಕೈಗೆ ಸಿಕ್ಕಿದರೆ ವಿದ್ಯಾರ್ಥಿವೇತನದ ತಾಣ, ಪರೀಕ್ಷೆಯ ತಾಣ ಒಂದರ ಹಿಂದೊಂದು ತೆರೆದುಕೊಳ್ಳುತ್ತವೆ. ಎಲ್ಲದರ ‘ಪಾಸ್‌ವರ್ಡ್ ಮರೆತಿದ್ದೀರಾ’ ಪತ್ರ ಬರುವುದು ಅಲ್ಲಿಗೇ ತಾನೆ? ಎರಡೂ ಬೇರೆ ಬೇರೆ ಇರಲಿ. ಇ-ಮೇಲಿಗೆ ಎರಡನೆಯ ಬೀಗವಾಗಿ ಫೋನಿನ ದೃಢೀಕರಣವೂ ಇರಲಿ.

ಜಾಲಕ್ಕೆ ಸೇರಿದ ಕೂಡಲೇ ವಿಂಡೋಸ್ ಈ ಜಾಲ ಖಾಸಗಿಯೋ ಸಾರ್ವಜನಿಕವೋ ಎಂದು ವಿಚಾರಿಸುತ್ತದೆ, ಇಲ್ಲವೇ ಸೆಟ್ಟಿಂಗಿನಲ್ಲಿ ಆಯ್ಕೆ ಇಟ್ಟಿರುತ್ತದೆ. ಮಲಗುವ ಕೋಣೆ ನಮ್ಮದೇ ಅಲ್ಲವೆ ಎಂದು ಮಕ್ಕಳು ‘ಪ್ರೈವೇಟ್’ ಎಂದು ಒತ್ತುತ್ತಾರೆ. ‘ಪಬ್ಲಿಕ್’ ಎಂದೇ ಇರಬೇಕು. ಆಗ ಯಂತ್ರ ಪಕ್ಕದವರ ಕಣ್ಣಿಗೆ ಬೀಳುವುದಿಲ್ಲ, ಹಂಚಿಕೆಗೆ ಇಟ್ಟ ಫೋಲ್ಡರುಗಳೂ ಮುಚ್ಚಿರುತ್ತವೆ. ಫೋನಿನಲ್ಲಿ ಹತ್ತಿರದವರಿಂದ ಚಿತ್ರ ಪಡೆಯುವ ಸೌಲಭ್ಯವನ್ನು ‘ಎಲ್ಲರಿಂದ’ ಎಂದು ಬಿಟ್ಟಿದ್ದರೆ ಅದನ್ನು ‘ಪರಿಚಿತರಿಂದ ಮಾತ್ರ’ ಎಂದು ಮಾಡಿ. ಹುಡುಗಿಯರ ಹಾಸ್ಟೆಲಿನಲ್ಲಿ ಇದರ ಅಗತ್ಯ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಕೋಣೆಯಲ್ಲಿ ಸಂಕೇತ ಕ್ಷೀಣವಾಗಿದೆ ಎಂದು ಮನೆಯ ಹಳೆಯ ರೌಟರನ್ನು ಒಯ್ದು ಗೋಡೆಯ ತೂತಿಗೆ ಸಿಕ್ಕಿಸುವವರಿದ್ದಾರೆ. ಜಾಲದಲ್ಲಿ ಪ್ರತಿ ಯಂತ್ರಕ್ಕೂ ವಿಳಾಸ ಹಂಚುವ ಒಂದು ಕೇಂದ್ರ ಇರುತ್ತದೆ, ಬಸ್ಸಿನಲ್ಲಿ ಟಿಕೆಟ್ ಕೊಡುವ ಕಂಡಕ್ಟರರಂತೆ. ರೌಟರೂ ಒಂದು ಕಂಡಕ್ಟರೇ. ತಂತಿಯನ್ನು ತಪ್ಪು ತೂತಿಗೆ ಹಾಕಿದಿರೋ, ಅದು ಇಡೀ ಮಹಡಿಗೆ ತನ್ನ ಟಿಕೆಟ್ ಹಂಚತೊಡಗುತ್ತದೆ. ಪಡೆದವರೆಲ್ಲ ಎಲ್ಲಿಗೂ ಹೋಗದ ಬಸ್ಸಿನಲ್ಲಿ ಕೂತಂತೆ! ಪರೀಕ್ಷೆಯ ಅರ್ಜಿ ತುಂಬುವ ಕೊನೆಯ ದಿನ ಹೀಗಾದರೆ ಮಹಡಿಯವರೆಲ್ಲ ಸೇರಿ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಬಂದ್ ಮಾಡಿದ ಆಟದ ತಾಣ ತೆರೆಯಲು ಪುಕ್ಕಟೆ ವಿಪಿಎನ್ ಹಾಕುವುದೂ ಬೇಡ. ನಿಮ್ಮ ಪತ್ರಗಳನ್ನೆಲ್ಲ ಹೆಸರು ಗೊತ್ತಿಲ್ಲದ ಒಬ್ಬನ ಚೀಲಕ್ಕೆ ಹಾಕಿ ಕಳಿಸಿದಂತೆ ಅದು.

ಇಷ್ಟೆಲ್ಲ ವಿದ್ಯಾರ್ಥಿಯೇ ಮಾಡಬೇಕಾದರೆ ಸಂಸ್ಥೆಯ ಪಾಲೇನು? ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕಗಳ ಮೇಲೆ 2022ರ ನವೆಂಬರ್ 23ರಂದು ದಾಳಿಯಾಯಿತು. ಹಲವು ದಿನ ರೋಗಿಗಳ ಚೀಟಿಯನ್ನು ಕೈಯಲ್ಲಿ ಬರೆಯಬೇಕಾಯಿತು. ಜಾಲವನ್ನು ಸರಿಯಾಗಿ ವಿಭಾಗ ಮಾಡದೆ ಇದ್ದದ್ದೇ ಕಾರಣ ಎಂದು ಸರ್ಕಾರ ಆಮೇಲೆ ಸಂಸತ್ತಿಗೆ ತಿಳಿಸಿತು. ವೈದ್ಯಕೀಯ ಕಾಲೇಜು ಇರುವ ಊರುಗಳೆಲ್ಲ ಇದನ್ನು ಗಮನಿಸಬೇಕು. ಹಾಸ್ಟೆಲಿನ ಹುಡುಗ ರಾತ್ರಿ ಇಳಿಸಿದ ಸಿನಿಮಾದ ಜೊತೆ ಬಂದ ವೈರಸ್, ಆಸ್ಪತ್ರೆಯ ಲ್ಯಾಬಿನ ಯಂತ್ರಕ್ಕೆ ನಡೆದುಹೋಗಲು ದಾರಿಯೇ ಇರಬಾರದು. ಹಾಸ್ಟೆಲಿಗೆ ಬೇರೆ, ಕಚೇರಿಗೆ ಬೇರೆ, ಆಸ್ಪತ್ರೆಗೆ ಬೇರೆ ವಿಭಾಗ ಮಾಡುವುದು ಜಾಲ ಕಟ್ಟುವವರ ಮೊದಲ ಪಾಠ. ಹಾಸ್ಟೆಲಿನ ಒಳಗೂ ಒಬ್ಬರ ಯಂತ್ರ ಇನ್ನೊಬ್ಬರದನ್ನು ನೇರವಾಗಿ ಮುಟ್ಟದಂತೆ ಮಾಡುವ ಸೌಲಭ್ಯ ಈಗಿನ ಬಹುತೇಕ ವೈ-ಫೈ ಪೆಟ್ಟಿಗೆಗಳಲ್ಲಿ ಇದೆ. ವಾರ್ಡನ್ನರನ್ನು ಕೇಳಿದರೆ ಉತ್ತರ ಸಿಗದಿರಬಹುದು, ಕಂಪ್ಯೂಟರ್ ವಿಭಾಗದವರಿಗೆ ಗೊತ್ತಿರುತ್ತದೆ.

ತಪ್ಪಿ ಏನಾದರೂ ಆಗಿಬಿಟ್ಟರೆ, ಯಂತ್ರವನ್ನು ಜಾಲದಿಂದ ಬಿಡಿಸಿ, ಬೇರೊಂದು ಯಂತ್ರದಿಂದ ಪಾಸ್‌ವರ್ಡ್ ಬದಲಿಸಿ, ವಿಭಾಗಕ್ಕೆ ತಿಳಿಸಿ. ಹಣ ಹೋಗಿದ್ದರೆ 1930ಕ್ಕೆ ಆ ಕ್ಷಣವೇ ಫೋನು ಮಾಡಬೇಕು, ಮನೆಯಲ್ಲಿ ಬೈದಾರೆಂದು ಎರಡು ದಿನ ಮುಚ್ಚಿಟ್ಟರೆ ಹಣ ಹಲವು ಕೈ ದಾಟಿರುತ್ತದೆ. ಹಾಗೆ ಬೈಯದಿರುವುದು ಪೋಷಕರ ಪಾಲಿನ ಕೆಲಸ.

ದೀಪಾವಳಿ ರಜೆಗೆ ಲ್ಯಾಪ್‌ಟಾಪು ಅಂಕೋಲೆಗೆ ಮರಳುತ್ತದಲ್ಲ, ಆಗ ಅದನ್ನು ಮನೆಯ ಜಾಲಕ್ಕೆ ಹಾಕಿ ಒಮ್ಮೆ ಪೂರ್ತಿ ವೈರಸ್ ತಪಾಸಣೆ ನಡೆಸಿ. ಅಮ್ಮನ ಬ್ಯಾಂಕಿನ ಕೆಲಸವನ್ನು ಅದರ ಮೇಲೆ ಮಾಡುವುದಿದ್ದರೆ ಅದಾದ ಮೇಲೆಯೇ. ಕೋರ್ಸು ಮುಗಿಸಿ ಹಾಸ್ಟೆಲ್ ಬಿಡುವ ದಿನ, ಉಳಿಸಿಟ್ಟ ಹಾಸ್ಟೆಲ್ ಜಾಲದ ಹೆಸರನ್ನು ‘ಫರ್ಗೆಟ್’ ಒತ್ತಿ ಅಳಿಸಿ, ಸಂಸ್ಥೆಯ ಸರ್ಟಿಫಿಕೇಟ್ ಹಾಕಿದ್ದರೆ ಅದನ್ನೂ ತೆಗೆಯಿರಿ. ಯಂತ್ರವನ್ನು ಜೂನಿಯರ್‌ಗೆ ಮಾರಿ ಬರುವವರಾದರೆ ಅಷ್ಟು ಸಾಲದು, ಡಿಸ್ಕನ್ನೇ ಪೂರ್ತಿ ಅಳಿಸಿ ಕೊಡಬೇಕು.